ಜೀವದ ಹಾಳೆ

ಆ ಬೆಳಗ್ಗೆ ಮೂ ಶಿಫು ಬಹಳ ಖುಷಿಯಲ್ಲಿದ್ದರು. ಖುಷಿಗೆ ಕಾರಣ, ಎಂದೋ ಸತ್ತುಹೋದ ಯಾರೋ ಒಬ್ಬ ಕಲಸಿದ್ದ ಅಂಟು.

"ಛಿಯೂ, ಬಾ ಇಲ್ಲಿ, ನೋಡು," ಎಂದು ಮೇಜಿನ ಆ ತುದಿಯಿಂದ ಕೂಗಿದರು. "ಕಾದ ಸೋಯಾ ಹಾಲಿನ ಕೆನೆ ಎತ್ತಿದ ಹಾಗೆ ಬರ್ತಾ ಇದೆ. ಅಂಟು ಅಂದ್ರೆ ಇದು. ಹಿಡ್ಕೋ ಅಂದಾಗ ಹಿಡ್ಕೋಬೇಕು, ಬಿಡು ಅಂದಾಗ ಬಿಡಬೇಕು."

"ನಿಮಗೆ ಸತ್ತೋರು ಕಲಸಿದ್ದೇ ಚೆಂದ, ಶಿಫು. ನಾನು ಕಲಸಿದ್ರೆ ಮಾತ್ರ ಗಂಟು."

"ನೀನು ಕಲಸೋದು ಅಂಟಲ್ಲ ಕಣಮ್ಮ. ಬಾಣಂತಿಗೆ ಕೊಡೋ ಗಂಜಿ."

ಛಿಯೂ ನಕ್ಕಳು. ಅವಳು ಮೂ ಶಿಫು ಅವರ ಶಿಷ್ಯೆ. ಮದುವೆಗೆ ಮುಂಚೆ ಈ ಕೋಣೆಗೆ ಬಂದವಳು, ಈಗ ಅವಳ ಮಗಳಿಗೇ ಮದುವೆಯ ಮಾತು ನಡೆಯುತ್ತಿತ್ತು. ಶಿಫು ಎಂದರೆ ಗುರು, ಮೇಸ್ತ್ರಿ ಎರಡೂ. ನಮ್ಮ ಯಾಂಗ್‌ಝೌ ಊರಿನ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳನ್ನೂ ಬರಹಗಳನ್ನೂ ಬಿಚ್ಚಿ, ತೊಳೆದು, ಮತ್ತೆ ಬೆನ್ನಿಗೆ ಕಾಗದ ಕೊಟ್ಟು ನಿಲ್ಲಿಸುವ ಕೆಲಸ ಅವರದು. ನಿವೃತ್ತಿಯಾದ ಮೇಲೂ ಮ್ಯೂಸಿಯಂ ಅವರನ್ನು ವಾಪಸು ಕರೆಸಿಕೊಂಡಿತ್ತು. ನಾನು ರಸಾಯನಶಾಸ್ತ್ರ ಓದಿ ಬಂದವಳು. ಅದೇ ಕೋಣೆಯ ಕಿಟಕಿ ಪಕ್ಕ ನನ್ನ ಸೂಕ್ಷ್ಮದರ್ಶಕ, ನನ್ನ ಬಾಟಲಿಗಳು. ನನ್ನ ಹೆಸರು ಯಾನ್. ಆದರೆ ಅಲ್ಲಿ ಎಲ್ಲರಿಗೂ ನಾನು ಡಾಕ್ಟರಮ್ಮ. ಪದವಿಗೆ ಮರ್ಯಾದೆ ಕೊಟ್ಟು ಕರೆಯುತ್ತಿದ್ದರೋ, ಕಾಲೆಳೆಯುತ್ತಿದ್ದರೋ ನಾನು ಕೇಳಲು ಹೋಗಲಿಲ್ಲ.

ಮೇಜಿನ ಮೇಲೆ ಮುಖ ಕೆಳಗಾಗಿ ಮಲಗಿದ್ದದ್ದು ವೆನ್ ಶೂಗು ಬರೆದ ಬಿದಿರು. ಉಪ್ಪಿನ ಸಾಹುಕಾರರು ಈ ಊರನ್ನು ಆಳುತ್ತಿದ್ದ ಕಾಲದ ಚಿತ್ರಗಾರ ಅವನು. ಬರೀ ಮಸಿ, ಬಣ್ಣವಿಲ್ಲ. ಆಳೆತ್ತರದ ಹಾಳೆಯ ಮೇಲೆ ಕೆಲವು ಬಿದಿರ ಕಾಂಡಗಳು, ಒಂದು ಬಂಡೆ, ಕಾಂಡಗಳ ನಡುವೆ ಬಿದಿರಿನಷ್ಟೇ ಉದ್ದಕ್ಕೆ ಇಳಿದುಬಂದ ಅವನ ಕೈಬರಹ. ಚಿತ್ರ ಎಲ್ಲಿ ಮುಗಿದು ಅಕ್ಷರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಅಂಚುಗಳಲ್ಲಿ ಬೂಷ್ಟು ಹತ್ತಿತ್ತು, ಮಡಿಕೆಗಳಲ್ಲಿ ಸೀಳು ಬಿದ್ದಿತ್ತು. ವಸಂತದ ಪ್ರದರ್ಶನಕ್ಕೆ ಅದು ಗೋಡೆ ಏರಬೇಕಾಗಿತ್ತು.

ಕಾಗದದ ಚಿತ್ರ ತನ್ನಷ್ಟಕ್ಕೆ ತಾನು ನಿಲ್ಲದು. ಅದರ ಬೆನ್ನಿಗೆ ನೇರವಾಗಿ ಅಂಟಿಸುವ ಮೊದಲ ಹಾಳೆಯನ್ನು ಈ ಕಸುಬಿನವರು ಜೀವದ ಹಾಳೆ ಎನ್ನುತ್ತಾರೆ. ಅದರ ಹಿಂದೆ ಇನ್ನೂ ದಪ್ಪ ಕಾಗದಗಳು. ಹಳೆಯ ಚಿತ್ರವನ್ನು ಸರಿಮಾಡಬೇಕಾದರೆ ಇವೆಲ್ಲವನ್ನೂ ನೀರಲ್ಲಿ ನೆನೆಸಿ ಹಿಂದಿನಿಂದ ಒಂದೊಂದಾಗಿ ತೆಗೆಯಬೇಕು. ದಪ್ಪ ಕಾಗದ ಬೇಗ ಬರುತ್ತದೆ. ಜೀವದ ಹಾಳೆ ಮಾತ್ರ ಸಾಮಾನ್ಯವಾಗಿ ಬೆರಳ ತುದಿಯಲ್ಲಿ ಉಜ್ಜಿ ಉಜ್ಜಿ, ಶಾವಿಗೆ ಚೂರಿನಂತೆ ಸುರುಳಿ ಸುರುಳಿಯಾಗಿ ಎಬ್ಬಿಸಬೇಕು. ಒಮ್ಮೊಮ್ಮೆ ಒಂದು ಅಂಗೈ ಅಗಲಕ್ಕೆ ಇಡೀ ದಿನ ಹೋಗುತ್ತದೆ. ಅಂದು ಅದು ಇಡಿಯಾಗಿ, ಎಲ್ಲೂ ಹರಿಯದೆ ಎದ್ದು ಬಂದಿತ್ತು. ಮೂ ಶಿಫು ಅದನ್ನು ಎರಡು ಕೈಯಲ್ಲಿ ಹಿಡಿದು ಪಕ್ಕದ ಉಣ್ಣೆ ಹಾಸಿನ ಮೇಲೆ ಮಲಗಿಸಿದರು. ಹಳೆಯ ಕಾಗದವನ್ನು ಯಾರೂ ಎಸೆಯುವುದಿಲ್ಲ, ಮುಂದೆ ತೇಪೆಗೆ ಬೇಕಾಗುತ್ತದೆ.

ನಾನು ಎಂದಿನಂತೆ ಅಂಚಿನಿಂದ ಉದುರಿದ ಒಂದು ಚೂರು ತೆಗೆದುಕೊಂಡೆ. ಯಾವ ನಾರು, ಯಾವ ಅಂಟು ಎಂದು ನೋಡಿಡುವುದು ನನ್ನ ಕೆಲಸ. ಚೂರಿನ ಎರಡೂ ಮೈಯಿಂದ ಬೇರೆ ಬೇರೆಯಾಗಿ ಎಳೆಗಳನ್ನು ಕೆರೆದು ಗಾಜಿನ ಮೇಲಿಟ್ಟು ಅಯೋಡಿನ್ ಹನಿ ಬಿಟ್ಟೆ. ಗೋಧಿ ಅಂಟಿದ್ದರೆ ನೀಲಿಯಾಗಬೇಕು. ಹೊರಮೈಯ ಎಳೆಗಳು ತಕ್ಷಣ ಕಡುನೀಲಿಯಾದವು. ಒಳಮೈಯವು, ಅಂದರೆ ಚಿತ್ರಕ್ಕೆ ತಾಗಿಕೊಂಡಿದ್ದ ಕಡೆಯವು, ಹಳದಿಯಾಗಿಯೇ ಉಳಿದವು.

ಗಾಜು ಅದಲುಬದಲಾಗಿರಬೇಕು ಅಂದುಕೊಂಡು ಇನ್ನೊಂದು ಚೂರಿನಿಂದ ಮತ್ತೆ ಮಾಡಿದೆ. ಫಲ ಅದೇ. ಆಮೇಲೆ ನಾರುಗಳನ್ನು ನೋಡಿದೆ. ತೊಗಟೆಯ ನಾರೆಷ್ಟು, ಭತ್ತದ ಹುಲ್ಲೆಷ್ಟು ಎಂಬುದು ಒಂದೊಂದು ಕಾಗದಕ್ಕೆ ಒಂದೊಂದು ಥರ. ಚಿತ್ರದ ಅಂಚಿನಿಂದ ಹಿಂದಿನ ವಾರ ತೆಗೆದಿಟ್ಟಿದ್ದ ಮಾದರಿಯ ಪಕ್ಕ ಇದನ್ನಿಟ್ಟೆ. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಒಂದೇ ತೊಟ್ಟಿಯಿಂದ ಎತ್ತಿದ ಕಾಗದ.

ಗಾಜನ್ನು ಕೆಳಗಿಟ್ಟು ಎದ್ದೆ.

"ಶಿಫು," ಎಂದೆ. "ಆ ಹಾಳೆಯ ಒಳಮೈಯಲ್ಲಿ ಅಂಟೇ ಇಲ್ಲ."

"ತೊಳೆದುಹೋಗಿರುತ್ತೆ. ಬಿಸಿನೀರು ಕಮ್ಮಿ ಹೊಯ್ದಿದೀವಾ?"

"ಹೊರಮೈಯಲ್ಲಿ ಇದೆಯಲ್ಲ. ಅಲ್ಲಿ ಉಳಿದದ್ದು ಇಲ್ಲಿ ಮಾತ್ರ ಹೇಗೆ ಹೋಗುತ್ತೆ?"

ಅವರು ತಿರುಗಿದರು. ಛಿಯೂ ನಡುವೆ ಬಾಯಿ ಹಾಕಿದಳು. "ಹಾಳೆಯಲ್ಲಿ ಮಸಿ ಕಂಡು ಹೆದರ್ಕೊಂಡ್ಯಾ ಡಾಕ್ಟರಮ್ಮ? ಜೀವದ ಹಾಳೆಗೂ ಒಂಚೂರು ಮಸಿ ಇಳಿದೇ ಇಳಿಯುತ್ತೆ. ಪುಸ್ತಕದಲ್ಲಿ ಬರೆದಿರಲ್ವಾ?"

"ಮಸಿ ನಾನಿನ್ನೂ ನೋಡೇ ಇಲ್ಲ," ಎಂದೆ.

ಮೂ ಶಿಫು ಹಾಸಿನ ಮೇಲಿದ್ದ ಹಾಳೆಯ ಎರಡು ತುದಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಮಸಿ ಇಳಿದ ಜೀವದ ಹಾಳೆ ನಾನೂ ನೋಡಿದ್ದೇನೆ. ಕುಂಚ ಒತ್ತಿದ ಕಡೆ ಮಾತ್ರ ಕಲೆ ಇರುತ್ತದೆ. ಇಲ್ಲಿ ಕಲೆ ಇರಲಿಲ್ಲ, ಬಿದಿರಿತ್ತು. ಮಂಜಿನ ಆಚೆ ನಿಂತ ಹಾಗೆ, ಎಲೆಯ ಸೂಜಿತುದಿಯವರೆಗೂ ಇಡೀ ಬಿದಿರು. ಅದರ ನಡುವೆ ವೆನ್ ಶೂಗುವಿನ ಅಕ್ಷರಗಳು, ಒಂದನ್ನೂ ಬಿಡದೆ.

ಅವರು ಹಾಳೆಯನ್ನು ಮಲಗಿಸಿ, ಮೇಜಿನ ಮೇಲಿನ ಚಿತ್ರದ ಒಂದು ಮೂಲೆಯನ್ನು ಅಡಿಯ ಪ್ಲಾಸ್ಟಿಕ್ ಸಮೇತ ಎತ್ತಿ ಬಗ್ಗಿ ಮುಂಭಾಗ ನೋಡಿದರು. ನಾನೂ ಬಗ್ಗಿ ನೋಡಿದೆ. ಚಿತ್ರ ಅಲ್ಲೇ ಇತ್ತು. ಆದರೆ ಬರಹದ ಗೀಟುಗಳಲ್ಲಿ ಮೂಳೆ ಇರಲಿಲ್ಲ. ಮಾಂಸವಷ್ಟೇ ಉಳಿದಿತ್ತು. ಜ್ವರದಿಂದ ಎದ್ದವರ ಮುಖದ ಹಾಗೆ.

"ಜೋಡಿ ಕಾಗದ," ಎಂದರು.

ಎರಡು ಪದರವನ್ನು ಹಸಿಯಾಗಿರುವಾಗಲೇ ಒಂದರ ಮೇಲೊಂದು ಕೂರಿಸಿ ಮಾಡುವ ಕಾಗದ ಅದು. ನಡುವೆ ಅಂಟಿಲ್ಲ, ನಾರು ನಾರನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ. ಮಸಿ ಎರಡೂ ಪದರಕ್ಕೆ ಇಳಿಯುತ್ತದೆ. ಮೂ ಶಿಫು ಕೈಗೆ ಸಿಕ್ಕಿದ್ದು ಜೀವದ ಹಾಳೆಯಾಗಿರಲಿಲ್ಲ. ಚಿತ್ರದ ಅರ್ಧ ಮೈ.

"ಹಾಗಾದ್ರೆ ಜೀವದ ಹಾಳೆ ಎಲ್ಲಿ ಹೋಯ್ತು?" ಎಂದಳು ಛಿಯೂ. ಅವಳ ದನಿ ಸಣ್ಣಗಾಗಿತ್ತು.

"ಹಿಂದೆ ಬಿಚ್ಚಿದೋನು ತೆಗೆದಿದಾನೆ. ಹೊಸದು ಹಾಕೋ ತಾಳ್ಮೆ ಇರ್ಲಿಲ್ಲ. ದಪ್ಪ ಕಾಗದಾನೇ ನೇರ ಬೆನ್ನಿಗೆ ಬಡಿದಿದಾನೆ." ಅವರು ಒಣಗಿದ ಕೈಯನ್ನು ಏಪ್ರನ್ನಿಗೆ ಮತ್ತೆ ಮತ್ತೆ ಒರೆಸಿಕೊಂಡರು. "ದಪ್ಪದ್ದು ತೆಗೆದೆ. ಕೆಳಗೆ ಇನ್ನೊಂದು ತೆಳ್ಳಗಿನ ಪದರ ಇತ್ತು. ಜೀವದ ಹಾಳೆ ಇಲ್ಲದ ಚಿತ್ರ ಉಂಟಾ? ಅದೇ ಅಂದ್ಕೊಂಡೆ."

ಈ ಕಸುಬು ಬಾರದ ಯಾರಿಗೇ ಆಗಲಿ ಈ ತಪ್ಪು ಮಾಡುವುದು ಸಾಧ್ಯವಿರಲಿಲ್ಲ. ಜೀವದ ಹಾಳೆ ಇದ್ದೇ ಇರುತ್ತದೆ ಎಂದು ಕೈಗೆ ಗೊತ್ತಿರಬೇಕು. ಮೊದಲೇ ಪತ್ತೆ ಹಚ್ಚಬಹುದಿತ್ತೇ ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದರು. ಬೆನ್ನಿನ ಕಾಗದ, ಅಂಟು, ಚಿತ್ರ ಎಲ್ಲ ಸೇರಿ ಒಂದೇ ಹಲಗೆಯ ಹಾಗಿದ್ದಾಗ ನನ್ನ ಯಾವ ಉಪಕರಣವೂ ಪದರ ಎಣಿಸಲಾರದಿತ್ತು. ಅದನ್ನು ಹಾಗೆಯೇ ಹೇಳಿದೆ. ಕೇಳಿದವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಆದರೆ ಆ ಹೊತ್ತಿನಲ್ಲಿ ಮೂವರೂ ಯೋಚಿಸುತ್ತಿದ್ದದ್ದು ಬೇರೆಯೇ. ಈ ಕಸುಬಿನಲ್ಲಿ ಎಲ್ಲಕ್ಕಿಂತ ಹೀನವಾದ ಕಳ್ಳತನವೊಂದಿದೆ. ಜೋಡಿ ಕಾಗದದ ಚಿತ್ರ ಕೈಗೆ ಬಂದಾಗ ಹಿಂದಿನ ಪದರವನ್ನು ಸದ್ದಿಲ್ಲದೆ ಬಿಡಿಸಿಕೊಳ್ಳುವುದು, ಮುಂದಿನದನ್ನು ಒಡೆಯನಿಗೆ ಕೊಡುವುದು, ಹಿಂದಿನದಕ್ಕೆ ಅಲ್ಲಲ್ಲಿ ಮಸಿ ತೀಡಿ ಇನ್ನೊಬ್ಬರಿಗೆ ಮಾರುವುದು. ಒಂದನ್ನು ಎರಡು ಮಾಡುವುದು ಎನ್ನುತ್ತಾರೆ. ಎರಡೂ ಅಸಲಿಯೇ, ಎರಡೂ ಹಾಳಾದದ್ದೇ. ಮೂ ಶಿಫು ಅವರ ಗುರುವಿಗೆ ಹಳೇ ಪೇಟೆಯ ಗಲ್ಲಿಯಲ್ಲಿ ಅಂಗಡಿಯಿತ್ತು. ಆತ ಒಂದನ್ನು ಎರಡು ಮಾಡುತ್ತಿದ್ದ ಎಂದು ಊರು ಆಡಿಕೊಂಡಿತ್ತು. ಯಾರೂ ಕಣ್ಣಾರೆ ಕಂಡದ್ದಲ್ಲ. ಆ ಗುರು ಸತ್ತ ಮೇಲೆ ಆ ಮಾತು ಶಿಷ್ಯನ ಬೆನ್ನಿಗಂಟಿತು. ಮೂ ಶಿಫು ಆಯುಷ್ಯವಿಡೀ ಚಿತ್ರಗಳನ್ನು ಬಾಗಿಲು ತೆರೆದಿಟ್ಟೇ ಬಿಚ್ಚಿದವರು. ಕೋಣೆಗೆ ಕ್ಯಾಮೆರಾ ಹಾಕಿಸಿ ಎಂದು ಅರ್ಜಿ ಕೊಟ್ಟವರೂ ಅವರೇ.

ಆ ಕ್ಯಾಮೆರಾ ಈಗ ಸೂರಿನ ಮೂಲೆಯಿಂದ ನೋಡುತ್ತಿತ್ತು. ಅದು ಏನು ಕಂಡಿತ್ತು? ಹಳೆಯ ಕೈಯೊಂದು ಹಿಂದಿನ ಪದರವನ್ನು ಎಲ್ಲೂ ಹರಿಯದಂತೆ ಎತ್ತಿ ಜೋಪಾನವಾಗಿ ಪಕ್ಕಕ್ಕೆ ಮಲಗಿಸಿದ್ದನ್ನು.

ಛಿಯೂ ಹೋಗಿ ಬಾಗಿಲು ಹಾಕಿದಳು.

"ವಾಪಸ್ ಅಂಟಿಸಿಬಿಡೋಣ," ಎಂದಳು. "ಇನ್ನೂ ಎರಡೂ ಹಸಿ ಇದೆ. ಯಾರಿಗೂ ಹೇಳೋದು ಬೇಡ. ಯಾನ್, ನೀನು ನಿನ್ನ ಬಾಟ್ಲಿ ಮುಚ್ಚಿಟ್ಕೊಂಡು ಕೂತ್ಕೋ."

"ಕ್ಯಾಮೆರಾ?"

"ಅದಕ್ಕೇನ್ ಗೊತ್ತು? ಒಂದು ಹಾಳೆ ಎತ್ತಿದ್ರು, ಒಂದು ಹಾಳೆ ಇಟ್ರು. ನೋಡೋರಿಗೆ ಹೊಸ ಜೀವದ ಹಾಳೆ ಹಾಕಿದ ಹಾಗೇ ಕಾಣುತ್ತೆ."

ಅವಳು ಹೇಳಿದ್ದು ನಿಜವಾಗಿತ್ತು. ಅದೇ ನನ್ನನ್ನು ಹೆದರಿಸಿದ್ದು. ಆಗ ನನಗೆ ಯಾವುದು ಸರಿ ಎಂದು ಹೊಳೆಯಲಿಲ್ಲ. ನಿಯಮ ಸ್ಪಷ್ಟವಿತ್ತು: ಅವಘಡವಾದರೆ ಕೈ ನಿಲ್ಲಿಸಬೇಕು, ಉಪನಿರ್ದೇಶಕರಿಗೆ ತಿಳಿಸಬೇಕು, ಸಮಿತಿ ಬರಬೇಕು, ಫೋಟೋ ಆಗಬೇಕು. ಆದರೆ ಹೊರಗೆ ಉತ್ತರದ ಗಾಳಿ ಬೀಸುತ್ತಿತ್ತು. ಶರತ್ಕಾಲದ ಆ ಗಾಳಿಯಲ್ಲಿ ತೊಳೆದ ಬಟ್ಟೆ ಕೊಡವುವಷ್ಟರಲ್ಲಿ ಒಣಗುತ್ತದೆ. ಬೇರೆಯಾದ ಎರಡು ಪದರ ಬೇರೆ ಬೇರೆಯಾಗಿ ಒಣಗಿದರೆ ಬೇರೆ ಬೇರೆಯಾಗಿಯೇ ಮುದುಡುತ್ತವೆ. ಆಮೇಲೆ ಎಷ್ಟು ನೆನೆಸಿದರೂ ಈ ಎಲೆ ಆ ಎಲೆಯ ಮೇಲೆ ಕೂರುವುದಿಲ್ಲ. ನಿಯಮ ಪಾಲಿಸಿದರೆ ಚಿತ್ರ ಹೋಗುತ್ತದೆ. ಚಿತ್ರ ಉಳಿಸಿದರೆ ಸಾಕ್ಷಿ ಮುಚ್ಚಿದ ಹಾಗಾಗುತ್ತದೆ.

"ಬೇಡ," ಎಂದರು ಮೂ ಶಿಫು.

"ಏನು ಬೇಡ? ಅಂಟಿಸೋದಾ?"

"ಮುಚ್ಚಿಡೋದು. ನಡುವೆ ಈಗ ನಾನು ಅಂಟು ಹಾಕ್ತೀನಿ. ಮುಂದೆ ಯಾವನೋ ಇದನ್ನ ಬಿಚ್ತಾನೆ. ನಡುವೆ ಅಂಟು ಸಿಗುತ್ತೆ. ಓಹೋ, ಜೀವದ ಹಾಳೆ ಅಂತ ಉಜ್ಜಿ ಉಜ್ಜಿ ತೆಗೀತಾನೆ. ನನ್ನ ಕೈಲಾದ್ರೂ ಇಡಿಯಾಗಿ ಬಂತು. ಅವನ ಕೈಲಿ ಶಾವಿಗೆ ಆಗುತ್ತೆ."

ಚಿತ್ರ ಉಳಿಯಬೇಕಾದರೆ ಇದರಲ್ಲಿ ಏನಾಯಿತೆಂದು ಮ್ಯೂಸಿಯಂಗೆ ಗೊತ್ತಿರಲೇಬೇಕು.

"ಹೇಳಿದ್ರೆ ನಿಮ್ಮನ್ನ ಬಿಡ್ತಾರಾ ಶಿಫು? ಕಳ್ಳನ ಶಿಷ್ಯ ಕಳ್ಳ ಅಂತಾರೆ."

"ಅಂತಾರೆ."

"ಮತ್ತೆ?"

"ಮತ್ತೆ ಏನು, ಅಂಟು ಕಲಸು. ಗಂಜಿ ಅಲ್ಲ. ನೀರಿನ ಹಾಗಿರ್ಲಿ." ನನ್ನ ಕಡೆ ತಿರುಗಿದರು. "ಡಾಕ್ಟರಮ್ಮ, ನೀನು ಹೋಗಿ ಕಾಂಗ್ ಅವರನ್ನ ಕರ್ಕೊಂಡು ಬಾ. ಆದದ್ದು ಆದ ಹಾಗೇ ಹೇಳು. ಲಿಫ್ಟ್ ಬೇಡ, ಮೆಟ್ಟಿಲು ಹತ್ತು. ಕೂತು ಕೂತು ನಿನ್ನ ಮಂಡಿ ಹಿಡ್ಕೊಂಡಿರುತ್ತೆ."

ನಾನು ಮೆಟ್ಟಿಲು ಹತ್ತಿದೆ. ನಿಧಾನವಾಗಿಯೇ ಹತ್ತಿದೆ. ಅವರು ನನಗೆ ಕೊಟ್ಟ ಕೆಲಸ ಎರಡು ಎಂದು ನನಗೆ ಅರ್ಥವಾಗಿತ್ತು. ಒಂದು ಹೇಳುವುದು, ಇನ್ನೊಂದು ತಡಮಾಡುವುದು.

ಉಪನಿರ್ದೇಶಕ ಕಾಂಗ್ ಸಭೆಯಲ್ಲಿದ್ದರು. ಹೊರಗೆ ಕರೆದು ಹೇಳಿದೆ. ಕೆಟ್ಟ ಮನುಷ್ಯರಲ್ಲ. ಸಂಗ್ರಹದ ಪ್ರತಿಯೊಂದು ವಸ್ತುವಿಗೂ ತಾವೇ ಜಾಮೀನು ಎಂಬಂತೆ ಬದುಕುವವರು. ಇನ್ನೊಂದು ಪ್ರಾಂತದ ಮ್ಯೂಸಿಯಂನಲ್ಲಿ ಅಸಲಿ ಚಿತ್ರಗಳ ಜಾಗದಲ್ಲಿ ನಕಲಿ ಸಿಕ್ಕ ಸುದ್ದಿ ಬಂದಾಗಿನಿಂದ ಅವರ ನಿದ್ದೆ ಹಾಳಾಗಿತ್ತು. ನನ್ನ ಮಾತು ಮುಗಿಯುವ ಮೊದಲೇ ಓಡಿದರು. ಲಿಫ್ಟಿಗೆ ಅವರೂ ಕಾಯಲಿಲ್ಲ.

ನಾವು ಒಳಗೆ ಬಂದಾಗ ಬಾಗಿಲು ಮತ್ತೆ ತೆರೆದಿತ್ತು. ಹಿಂದಿನ ಪದರದ ಮೇಲ್ತುದಿ ಆಗಲೇ ಚಿತ್ರದ ಬೆನ್ನ ಮೇಲೆ ಕೂತಿತ್ತು. ಉಳಿದದ್ದನ್ನು ಛಿಯೂ ಒಂದು ಕೋಲಿಗೆ ಸಡಿಲವಾಗಿ ಸುತ್ತಿ ಎತ್ತಿ ಹಿಡಿದಿದ್ದಳು. ಮೂ ಶಿಫು ಬಗ್ಗಿ, ತಾಳೆನಾರಿನ ಕುಂಚದಿಂದ ಅದನ್ನು ಬೆರಳಗಲ ಬೆರಳಗಲ ಕೂರಿಸುತ್ತಿದ್ದರು. ಒದ್ದೆ ಕಾಗದ ಗಾಜಿನ ಹಾಗಿತ್ತು. ಕೆಳಗಿನ ಬಿದಿರು ಮೇಲಕ್ಕೆ ಕಾಣುತ್ತಿತ್ತು, ಅದರ ಮೇಲೆ ತೆಳು ಬಿದಿರು ಇಳಿಯುತ್ತಿತ್ತು. ಎರಡೂ ಸೇರಿದ ಕಡೆ ಕಪ್ಪು ಒಮ್ಮೆಲೇ ಆಳವಾಗುತ್ತಿತ್ತು.

"ನಿಲ್ಸಿ!" ಎಂದರು ಕಾಂಗ್. "ಮೂ ಶಿಫು, ಕೈ ತೆಗೀರಿ."

"ತೆಗೆದ್ರೆ ಅರ್ಧದಲ್ಲಿ ಗೆರೆ ಬೀಳುತ್ತೆ, ಡೈರೆಕ್ಟ್ರೇ."

"ಸಮಿತಿ ನೋಡೋ ತನಕ ಏನೂ ಮುಟ್ಟೋ ಹಾಗಿಲ್ಲ. ನಿಯಮ ನಿಮಗೆ ಗೊತ್ತಿಲ್ವಾ?"

"ಗೊತ್ತು. ಸಮಿತಿಗೂ ಕಾಗದಕ್ಕೂ ಪರಿಚಯ ಇಲ್ಲ. ಅದು ಕಾಯಲ್ಲ." ಅವರು ತಲೆ ಎತ್ತಲಿಲ್ಲ. "ಛಿಯೂ, ಎಡಕ್ಕೆ. ಇನ್ನೊಂದು ಕೂದಲೆಳೆ. ಹಾಂ."

ಕಾಂಗ್ ನನ್ನ ಮುಖ ನೋಡಿದರು. "ಡಾಕ್ಟರ್ ಯಾನ್, ನೀವು ಹೇಳಿ. ನಿಲ್ಸಿದ್ರೆ ಏನಾಗುತ್ತೆ?"

"ಒಣಗುತ್ತೆ," ಎಂದೆ. "ಒಣಗಿದ ಮೇಲೆ ಸೇರಲ್ಲ."

"ಖಂಡಿತಾನಾ?"

"ಖಂಡಿತ ಅಂತ ಹೇಳಲಾರೆ. ನೂರಕ್ಕೆ ತೊಂಬತ್ತು ಪಾಲು."

ಉಳಿದ ಹತ್ತು ಪಾಲಿನಲ್ಲಿ ಅವರು ನಿಂತುಬಿಟ್ಟರು. ಹಿಡಿದು ಎಳೆಯಲು ಅವರಿಗೂ ಧೈರ್ಯವಿರಲಿಲ್ಲ. ಹಿಡಿದೆಳೆದರೆ ಹರಿಯುವುದು ಚಿತ್ರವೇ. ಮೂ ಶಿಫು ಬರಹದ ಭಾಗಕ್ಕೆ ಬಂದಿದ್ದರು. ನೆನೆದ ಕಾಗದ ಒಂದು ಕಡೆಗೆ ಹಿಗ್ಗಿತ್ತು, ಹಾಗಾಗಿ ಒಂದು ಅಕ್ಷರದ ಕೆಳಗಿನ ಕಾಲು ತನ್ನ ಜಾಗದಿಂದ ಹೊರಗೆ ಬೀಳುತ್ತಿತ್ತು. ಅವರು ಆ ಭಾಗವನ್ನು ಎತ್ತಿದರು, ಬಾಯಿಂದ ಮೃದುವಾಗಿ ಗಾಳಿ ಊದಿದರು, ಕಾದರು, ಮತ್ತೆ ಇಳಿಸಿದರು. ಕಾಲು ಒಳಗೆ ಬಂತು.

ಎಲ್ಲ ಮುಗಿದು, ಹೊಸ ಜೀವದ ಹಾಳೆಯೂ ಬೆನ್ನ ಕಾಗದವೂ ಬಿದ್ದು, ಚಿತ್ರದ ನಾಲ್ಕು ಅಂಚಿಗೆ ಅಂಟು ಹಚ್ಚಿ ಅದನ್ನು ಒಣಗಿಸುವ ಗೋಡೆಗೆ ಏರಿಸಿದಾಗ ಊಟದ ಹೊತ್ತು ಮೀರಿತ್ತು. ವೆನ್ ಶೂಗುವಿನ ಅಕ್ಷರಗಳಿಗೆ ಮೂಳೆ ವಾಪಸು ಬಂದಿತ್ತು. ಒಂದೆರಡು ಎಲೆಗಳ ತುದಿ ಸ್ವಲ್ಪ ಮಸುಕಾಗಿತ್ತು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಕಾಂಗ್. "ಜೀವದ ಹಾಳೇನ ಇಡಿಯಾಗಿ ಎತ್ತಿ ಹಾಸಿನ ಮೇಲೆ ಮಲಗಿಸೋದನ್ನ ನಾನು ಇಲ್ಲೀವರೆಗೂ ನೋಡಿಲ್ಲ."

"ನಾನೂ ನೋಡಿರ್ಲಿಲ್ಲ, ಡೈರೆಕ್ಟ್ರೇ. ಅದಕ್ಕೇ ಖುಷಿಯಾಗಿತ್ತು."

ಕಾಂಗ್ ಹೋಗುವಾಗ ಮೇಜಿನ ಮೇಲಿದ್ದ ಕೋಣೆಯ ಬೀಗದ ಕೈ ತೆಗೆದುಕೊಂಡು ಹೋದರು.

ಸಮಿತಿ ಮರುವಾರ ಕೂತಿತು. ಪ್ರಾಂತದ ರಾಜಧಾನಿಯಿಂದ ಒಬ್ಬ ಹಿರಿಯ ತಜ್ಞರು ಬಂದಿದ್ದರು. ಗೋಡೆಯ ಮೇಲಿನ ಚಿತ್ರವನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಇಂಥ ಜೋಡಣೆ ನಾನು ನೋಡಿಲ್ಲ," ಎಂದರು. ಛಿಯೂ ಮುಖ ಅರಳಿತು. ಅವರು ಮುಂದುವರಿಸಿದರು. "ಇಷ್ಟು ಚೆನ್ನಾಗಿ ಸೇರಿಸೋ ಕೈಗೆ ಬಿಡಿಸೋ ಅಭ್ಯಾಸ ಇಲ್ಲ ಅಂದ್ರೆ ನಂಬೋದು ಕಷ್ಟ."

ಮೂ ಶಿಫು ತೊಡೆಯ ಮೇಲೆ ಕೈಯಿಟ್ಟು ಕೂತಿದ್ದರು. ಏನಾದರೂ ಹೇಳುವುದಿದೆಯೇ ಎಂದು ಸಮಿತಿಯವರು ಅವರನ್ನು ಕೇಳಿದರು.

"ತಪ್ಪಾಯ್ತು. ವಾಪಸ್ ಇಟ್ಟಿದೀನಿ. ನಡುವೆ ಅಂಟಿದೆ ಅನ್ನೋದನ್ನ ಮುಂದಿನೋರಿಗೆ ಕಾಣೋ ಹಾಗೆ ಬರೆದಿಡಿ. ಅಷ್ಟೇ."

ನನ್ನ ಸರದಿ ಬಂತು. ಗಾಜು, ಬಣ್ಣ, ನಾರು ಎಲ್ಲ ವಿವರಿಸಿದೆ. ತಜ್ಞರು ಸೌಜನ್ಯದಿಂದಲೇ ಕೇಳಿದರು. "ಇದು ಗೊತ್ತಿದ್ದೂ ಮಾಡಿದ್ದೋ, ಗೊತ್ತಿಲ್ಲದೆ ಆಗಿದ್ದೋ ಅನ್ನೋದನ್ನ ನಿಮ್ಮ ವಿಜ್ಞಾನ ಹೇಳುತ್ತಾ ಅಮ್ಮ?"

"ನಡುವೆ ಅಂಟಿರಲಿಲ್ಲ ಅಂತ ಹೇಳುತ್ತೆ. ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ನನ್ನ ಹತ್ತಿರ ಪರೀಕ್ಷೆ ಇಲ್ಲ," ಎಂದೆ. ಆ ವಾಕ್ಯ ಬಾಯಿಂದ ಹೊರಟಾಗಲೇ ಅದು ಅವರಿಗೆ ಇಷ್ಟವಾಯಿತೆಂದು ಗೊತ್ತಾಯಿತು. ಅವಸರದಿಂದ ಸೇರಿಸಿದೆ: "ಆದ್ರೆ ನಾನು ಅದೇ ಕೋಣೇಲಿ ಇದ್ದೆ. ಅವರು ಅಂಟನ್ನ ಹೊಗಳ್ತಾ ಇದ್ರು. ಎಲ್ಲರನ್ನೂ ಕರೆದು ತೋರಿಸ್ತಾ ಇದ್ರು. ಕದಿಯೋನು ಊರನ್ನ ಕರೀತಾನಾ?"

"ಕ್ಯಾಮೆರಾದಲ್ಲಿ ಧ್ವನಿ ಇಲ್ಲ," ಎಂದರು ತಜ್ಞರು.

"ನಾನು ಹೇಳ್ತಾ ಇದೀನಲ್ಲ."

"ನೀವು ಅವರ ಜೊತೆ ದಿನಾ ಊಟ ಮಾಡೋರು ಅಮ್ಮ. ಹೇಳ್ಲೇಬೇಕು."

ಛಿಯೂ ಎದ್ದು ನಿಂತು ಬಾಯಿಗೆ ಬಂದದ್ದು ಅಂದಳು. "ಕಳ್ಳರು ಹೇಗಿರ್ತಾರೆ ಅಂತ ನಿಮಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಸಾಹೇಬ್ರೇ?" ಎಂದದ್ದು ಅವುಗಳಲ್ಲಿ ಸೌಮ್ಯವಾದದ್ದು. ಅದರಿಂದ ಯಾರಿಗೂ ಸಹಾಯವಾಗಲಿಲ್ಲ.

ಸಮಿತಿ ತೀರ್ಪು ಕೊಡಲಿಲ್ಲ. ದುರುದ್ದೇಶವಿತ್ತು ಎನ್ನಲು ಆಧಾರವಿಲ್ಲ, ಇರಲಿಲ್ಲ ಎನ್ನಲೂ ಆಧಾರವಿಲ್ಲ ಎಂದಿತು. ನನ್ನ ವಾಕ್ಯವನ್ನೇ ತುಸು ತಿದ್ದಿದ ಹಾಗಿತ್ತು ಅದು. ವಿಜ್ಞಾನದಲ್ಲಿ ಇಂಥ ಮಾತಿಗೆ ಗೌರವವಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನಮ್ಮ ಪ್ರಾಮಾಣಿಕತೆ. ಆದರೆ ಒಬ್ಬ ಮನುಷ್ಯನ ಹೆಸರಿನ ಪಕ್ಕದಲ್ಲಿಟ್ಟಾಗ ಅದೇ ಮಾತು ಕಲೆಯ ಹಾಗೆ ಹರಡುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮೂ ಶಿಫು ಅವರ ಕರಾರನ್ನು ಮುಂದುವರಿಸಲಿಲ್ಲ. ಕೋಣೆಗೆ ಬರಬಾರದು ಎಂದಾಯಿತು. ಬೀಳ್ಕೊಡುಗೆ ನಡೆಯಲಿಲ್ಲ. ನಾನೂ ಛಿಯೂ ಉಪ್ಪುನೀರಲ್ಲಿ ಬೇಯಿಸಿದ ಬಾತುಕೋಳಿ ಕಟ್ಟಿಸಿಕೊಂಡು ಮನೆಗೆ ಹೋದಾಗ ಅವರ ಹೆಂಡತಿ ಬಾಗಿಲಲ್ಲೇ ತೆಗೆದುಕೊಂಡು, "ಮಲಗಿದಾರೆ," ಎಂದರು. ಒಳಗೆ ಅವರು ಕೆಮ್ಮಿದ್ದು ಕೇಳಿಸಿತು.

ಗೋಡೆಯ ಮೇಲೆ ಚಿತ್ರ ಚಳಿಗಾಲ ಪೂರ್ತಿ ಇತ್ತು. ಹೊಸ ವರ್ಷದ ಹಬ್ಬ ಮುಗಿದ ಮೇಲೆ ಅದನ್ನು ಇಳಿಸುವ ದಿನ ಬಂತು. ಇಳಿಸುವವಳು ಛಿಯೂ. ಸರಿಯಾಗಿ ಒಣಗಿದ ಚಿತ್ರ ಗೋಡೆಯ ಮೇಲೆ ಚರ್ಮವಾದ್ಯದ ಹಾಗೆ ಬಿಗಿದಿರುತ್ತದೆ. ಉಗುರಿನಿಂದ ತಟ್ಟಿದರೆ ಢಣ್ ಎನ್ನುತ್ತದೆ. ಪದರಗಳು ಎಲ್ಲಾದರೂ ಹಿಡಿದಿಲ್ಲವಾದರೆ ಅಲ್ಲಿ ಸದ್ದು ಸತ್ತಿರುತ್ತದೆ.

ಛಿಯೂ ಮೇಲಿನಿಂದ ತಟ್ಟುತ್ತಾ ಬಂದಳು. ಬಂಡೆ, ಕಾಂಡ, ಎಲೆ. ಎಲ್ಲ ಕಡೆಯೂ ಒಂದೇ ಸದ್ದು. ನನಗೆ ಎದೆ ಹಗುರವಾಗತೊಡಗಿತು. 'ನೋಡಿ, ಇದು ಕದಿಯೋನ ಕೈಯಾ?' ಎಂದು ಕಾಂಗ್‌ಗೆ ಹೇಳಬೇಕು, ಈ ಸದ್ದನ್ನು ಆ ತಜ್ಞರಿಗೂ ಕೇಳಿಸಬೇಕು ಅಂದುಕೊಂಡೆ. ಸದ್ದಿನಿಂದ ಏನು ಸಾಬೀತಾಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ. ಬರಹದ ಕೆಳತುದಿಗೆ ಬಂದಾಗ ಅವಳ ಬೆರಳು ನಿಂತಿತು. ಮತ್ತೆ ತಟ್ಟಿದಳು. ಟಪ್ ಎಂದಿತು, ಒದ್ದೆ ರಟ್ಟು ತಟ್ಟಿದ ಹಾಗೆ. ಒಂದು ಬೆರಳಗಲದ ಜಾಗ.

"ಇದು ಅವತ್ತು ಎತ್ತಿ ಊದಿದ ಜಾಗ," ಎಂದಳು. "ಅಂಟು ಆರಿಹೋಗಿದೆ."

ನಾನು ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ಮೂ ಶಿಫು ಎತ್ತಿದರು. ಹಿಂದೆ ಟಿವಿಯಲ್ಲಿ ಯಾರೋ ಯಾಂಗ್‌ಝೌ ನಾಟಕದ ಹಾಡು ಹೇಳುತ್ತಿದ್ದರು.

"ಶಿಫು, ಒಂದು ಕಡೆ ಟೊಳ್ಳಾಗಿದೆ. ಬರಹದ ಬುಡದಲ್ಲಿ. ಈಗಲೇ ಒಂಚೂರು ಹಬೆ ಕೊಟ್ಟು, ಕೆಳಗಿನ ಅಂಚು ಬಿಡಿಸಿ ಹಿಂದಿನಿಂದ ಸೂಜಿಯಲ್ಲಿ ತೆಳು ಅಂಟು ಬಿಟ್ರೆ ಹಿಡ್ಕೊಳ್ಳುತ್ತಲ್ವಾ? ಗೋಡೆ ಮೇಲಿರುವಾಗಲೇ ಮಾಡ್ಬೇಕು. ಇಳಿಸಿ ಸುರುಳಿ ಸುತ್ತಿದ್ರೆ ಅಲ್ಲೇ ಬಿರಿಯುತ್ತೆ. ಎಷ್ಟು ತೆಳು ಇರ್ಬೇಕು ಹೇಳಿ."

ಹಾಡು ನಿಂತಿತು. ಅವರು ಟಿವಿ ಆರಿಸಿರಬೇಕು.

"ಕಾಂಗ್‌ಗೆ ಹೇಳಿದ್ಯಾ?"

"ಇಲ್ಲ. ಮೊದಲು ನಿಮಗೇ ಮಾಡಿದ್ದು."

"ಮೊದಲು ಅವರಿಗೆ ಹೇಳು."

"ಅವರು ಸಮಿತಿ ಕರೀತಾರೆ ಶಿಫು! ರಾಜಧಾನಿಯಿಂದ ಆ ಮನುಷ್ಯ ಬರೋಷ್ಟರಲ್ಲಿ ಮಳೆ ತಿಂಗಳು ಬರುತ್ತೆ. ಒಂದು ಸೂಜಿ ಅಂಟಿನ ಕೆಲಸ. ನೀವೇ ಅಂದಿದ್ರಲ್ಲ, ಸಮಿತಿಗೂ ಕಾಗದಕ್ಕೂ..."

"ಅಂದಿದ್ದೆ."

ಇನ್ನೇನು ಅಂಟಿನ ಹದ ಹೇಳುತ್ತಾರೆ ಅಂದುಕೊಂಡೆವು. ಛಿಯೂ ಎಡಗೈಯಲ್ಲಿ ಆಗಲೇ ಬಟ್ಟಲು ಎತ್ತಿಕೊಂಡಿದ್ದಳು.

"ನೀನಿನ್ನೂ ಆ ಕೋಣೇಲಿ ಬಹಳ ವರ್ಷ ಇರ್ಬೇಕು," ಎಂದರು. "ಮುಟ್ಟಬೇಡ. ಬಟ್ಟಲು ಕೆಳಗಿಡು. ಅವರು ಬರೋ ತನಕ ಕೈ ಹಿಂದೆ ಕಟ್ಕೊಂಡು ನಿಂತ್ಕೋ. ಯಾರು ಬಂದ್ರೂ ಕಾಣೋ ಹಾಗೆ ನಿಂತ್ಕೋ."

"ಮತ್ತೆ ಚಿತ್ರ?"

ಫೋನ್ ಇಟ್ಟ ಸದ್ದು ಬಂತು.

ಛಿಯೂ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದ ಹಾಗೆ ಕೈ ಹಿಂದೆ ಕಟ್ಟಿಕೊಂಡಳು. ನಾನು ಕಾಂಗ್ ಅವರ ಕೋಣೆಯ ಕಡೆ ಹೊರಟೆ.